ರಾಜನ ಎಡಗಿವಿ: ಶೋಗೆಂದು ತಂದ ಜರ್ಮನ್ ಶೆಫರ್ಡ್ ಮರಿಯೊಂದರ ಪ್ರಕರಣ

ಈ ಮರಿಯ ಮನೆಯವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು, ಬಡಾವಣೆ, ಮರಿ ತಂದ ಬ್ರೀಡರ್ ಯಾರು ಅನ್ನುವುದನ್ನೆಲ್ಲ ಬಿಟ್ಟಿದ್ದೇನೆ. ಮರಿಯ ಹೆಸರೂ ಬೇರೆ. ಇಲ್ಲಿ ರಾಜ ಅಂತ ಕರೆಯೋಣ. ಮನೆಯೊಡತಿ ಶಾಲೆಯಲ್ಲಿ ಪಾಠ ಹೇಳುವವರು, ಹಾಗಾಗಿ ಅವರನ್ನು ಮೇಡಂ ಅನ್ನುತ್ತೇನೆ. ನಾನು ಡಾಕ್ಟರ್ ಅಲ್ಲ. ಬಹಳ ವರ್ಷದಿಂದ ಈ ತಳಿಯ ನಾಯಿ ಸಾಕುತ್ತಿದ್ದೇನೆ, ಶೋಗೆ, ಅಂದರೆ ನಾಯಿ ಪ್ರದರ್ಶನಕ್ಕೆ, ಮರಿ ತಯಾರು ಮಾಡುವವರ ಜೊತೆ ಓಡಾಡಿದ್ದೇನೆ, ಅಷ್ಟೇ.

ಮೊದಲು ಕಿವಿ ಹೇಗಿರಬೇಕು ಅನ್ನುವುದನ್ನು ಹೇಳಿಬಿಡುತ್ತೇನೆ. ಜರ್ಮನ್ ಶೆಫರ್ಡ್‌ಗೆ ಎಫ್‌ಸಿಐ (ನಾಯಿ ಸಂಘಗಳ ಅಂತಾರಾಷ್ಟ್ರೀಯ ಒಕ್ಕೂಟ) ತಳಿ ಹೇಗಿರಬೇಕು ಅಂತ ಬರೆದಿಟ್ಟಿರುವ ಸ್ಟ್ಯಾಂಡರ್ಡ್‌ನ ನಂಬರ್ 166. ಅದರ ಪ್ರಕಾರ ಕಿವಿ ಮಧ್ಯಮ ಗಾತ್ರದ್ದಿರಬೇಕು, ತುದಿ ಚೂಪಾಗಿರಬೇಕು, ಎರಡೂ ನೆಟ್ಟಗೆ ಒಂದೇ ರೀತಿ ನಿಲ್ಲಬೇಕು, ಕಿವಿಯ ಒಳಭಾಗ ಮುಂದಕ್ಕೆ ತೆರೆದಿರಬೇಕು. ತುದಿ ಮಡಚಿಕೊಂಡ ಕಿವಿ, ಜೋತುಬಿದ್ದ ಕಿವಿ ಎರಡೂ ದೋಷ. ಓಡುವಾಗಲೋ ಆರಾಮಾಗಿ ಇದ್ದಾಗಲೋ ಹಿಂದಕ್ಕೆ ಮಲಗಿಸಿಕೊಂಡರೆ ದೋಷ ಅಲ್ಲ. ಈ ಕೊನೆಯ ಮಾತು ತುಂಬ ಜನಕ್ಕೆ ಗೊತ್ತಿರುವುದಿಲ್ಲ. ಮರಿ ನಮ್ಮನ್ನು ನೋಡಿ ಖುಷಿಯಿಂದ ಕಿವಿ ಹಿಂದಕ್ಕೆ ಎಳೆದುಕೊಂಡರೂ ಗಾಬರಿ ಬೀಳುತ್ತಾರೆ.

ರಾಜ ಮನೆಗೆ ಬಂದಾಗ ಅವನಿಗೆ 55 ದಿನ. ತೂಕ 7 ಕೆಜಿ ಚಿಲ್ಲರೆ. ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ, ಮೈಕ್ರೋಚಿಪ್ ಎಲ್ಲ ಸರಿಯಾಗಿತ್ತು. ಎರಡೂ ಕಿವಿ ಬಿದ್ದೇ ಇದ್ದವು. ಆ ವಯಸ್ಸಿಗೆ ಅದು ಸಹಜ. 11ನೇ ವಾರಕ್ಕೆ ಬಲಗಿವಿ ಎದ್ದಿತು. 14ನೇ ವಾರಕ್ಕೆ ಎಡಗಿವಿಯೂ ಎದ್ದಿತು. ಮೇಡಂ ಫೋಟೋ ಕಳಿಸಿದ್ದರು. ತಲೆಗಿಂತ ಕಿವಿಯೇ ದೊಡ್ಡದು, ಬಾವಲಿ ಥರ ಕಾಣುತ್ತಿದ್ದ. ಸೆಪ್ಟೆಂಬರ್ ಕೊನೆಗೆ ಒಂದು ಶೋ ಇತ್ತು. ಮರಿಗಳ ವರ್ಗದಲ್ಲಿ ಅವನನ್ನು ಇಳಿಸಬೇಕು ಅಂತ ಆಗಲೇ ನಿಶ್ಚಯ ಮಾಡಿಕೊಂಡಿದ್ದರು.

ಜುಲೈ ಮಧ್ಯದಲ್ಲಿ, ನಾಲ್ಕು ತಿಂಗಳು ದಾಟಿ ಒಂದು ವಾರ ಆಗಿದ್ದಾಗ, ಎಡಗಿವಿ ಮತ್ತೆ ಬಿತ್ತು.

ಇದು ಯಾಕೆ ಆಗುತ್ತದೆ ಅಂತ ಸ್ವಲ್ಪ ಹೇಳಬೇಕು. ನಾಯಿಮರಿಗೆ 28 ಹಾಲುಹಲ್ಲು. ಸುಮಾರು ನಾಲ್ಕು ತಿಂಗಳಿಂದ ಆರೇಳು ತಿಂಗಳೊಳಗೆ ಅವೆಲ್ಲ ಬಿದ್ದು 42 ಹಲ್ಲು ಬರುತ್ತವೆ. ಈ ಸಮಯದಲ್ಲಿ ನಿಂತಿದ್ದ ಕಿವಿಯೂ ಬೀಳುವುದು ಉಂಟು. ಒಂದು ದಿನ ಎಡ, ಒಂದು ದಿನ ಬಲ, ಇನ್ನೊಂದು ದಿನ ಎರಡೂ ನಡುನೆತ್ತಿಯ ಮೇಲೆ ಒಂದಕ್ಕೊಂದು ಒರಗಿಕೊಂಡು ಡೇರೆ ಥರ. ಕಿವಿಯನ್ನು ನಿಲ್ಲಿಸುವುದು ಒಳಗಿನ ಮೃದ್ವಸ್ಥಿ ಮತ್ತು ಬುಡದ ಸ್ನಾಯು. ನಮ್ಮ ಕಿವಿಯನ್ನೇ ಮಡಚಿ ಬಿಟ್ಟರೆ ಪಟ್ಟನೆ ಸರಿಹೋಗುತ್ತದಲ್ಲ, ಅದೇ ವಸ್ತು. ಮರಿಯಲ್ಲಿ ಅದು ಗಟ್ಟಿಯಾಗುವುದಕ್ಕೆ ಕಾಲ ಬೇಕು. ದೊಡ್ಡ ಕಿವಿ, ಮೆತ್ತನೆ ಕಿವಿ ಆದರೆ ಇನ್ನೂ ಜಾಸ್ತಿ ಕಾಲ ಬೇಕು. ಅಪ್ಪ ಅಮ್ಮನಿಂದ ಬಂದ ಗುಣದ ಪಾಲೇ ಇದರಲ್ಲಿ ದೊಡ್ಡದು.

ಆಗ ಮೇಡಂ ನನಗೆ ಫೋನ್ ಮಾಡಲಿಲ್ಲ. ಹತ್ತಿರದಲ್ಲೇ ನಾಯಿ ಸಾಕಿದ ಒಬ್ಬ ಹಿರಿಯರಿದ್ದರು. ಅವರು ಒಳ್ಳೆಯ ಮನಸ್ಸಿನಿಂದಲೇ ಎರಡು ಸಲಹೆ ಕೊಟ್ಟರು. ಒಂದು, ಕ್ಯಾಲ್ಸಿಯಂ ಸಿರಪ್ ದಿನಕ್ಕೆ ಎರಡು ಸಲ. ಎರಡು, ಕಿವಿಗೆ ಪಟ್ಟಿ. ಆ ಪಟ್ಟಿಯನ್ನು ಅವರೇ ಬಂದು ಕಟ್ಟಿದರು. ಹಳೇ ಫೈಲಿನ ಪ್ಲಾಸ್ಟಿಕ್ ಕತ್ತರಿಸಿ ಕಿವಿಯೊಳಗೆ ಇಟ್ಟು, ಮೇಲೆ ಕರೆಂಟ್ ಕೆಲಸದ ಕಪ್ಪು ಟೇಪ್ ಬಿಗಿಯಾಗಿ ಸುತ್ತಿದರು. ಹೊರಗೆ ಜಡಿಮಳೆ. ಮರಿ ದಿನಕ್ಕೆ ನಾಲ್ಕು ಸಲ ಅಂಗಳಕ್ಕೆ ಹೋಗಿ ನೆನೆದು ಬರುತ್ತಿತ್ತು.

ಆರನೇ ದಿನ ಫೋನ್ ಬಂತು. "ಸರ್, ಇವನು ತಲೆ ಕೊಡವುತ್ತಲೇ ಇದಾನೆ. ಅತ್ತೆ ಹೇಳ್ತಾರೆ, ಮೊಸರು ಕೆಟ್ಟ ವಾಸನೆ ಬರ್ತಿದೆ ಅಂತ."

ಭಾನುವಾರ ಹೋದೆ. ಬಾಗಿಲು ದಾಟಿದ ಕೂಡಲೇ ವಾಸನೆ ಗೊತ್ತಾಯಿತು. ರಾಜ ಬಂದು ನನ್ನ ಮೊಣಕಾಲಿಗೆ ಎಡಗೆನ್ನೆ ಉಜ್ಜಿದ. ಟೇಪಿನ ಅಂಚನ್ನು ಮುಟ್ಟಿದರೆ ಸಾಕು, ಕುಂಯ್ ಅನ್ನುತ್ತಿದ್ದ. ಕೊಬ್ಬರಿಎಣ್ಣೆ ತರಿಸಿ, ಹತ್ತಿಯಲ್ಲಿ ಅದ್ದಿ, ಅಂಚಿನಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿದೆವು. ಮುಕ್ಕಾಲು ಗಂಟೆ ಹಿಡಿಯಿತು. ಟೇಪಿನ ಜೊತೆ ಕೂದಲೂ ಬಂತು. ಒಳಗೆ ಚರ್ಮ ಕೆಂಪಗೆ, ತೇವ ತೇವ. ಕಿವಿಯ ತೂತಿನ ಸುತ್ತ ಕಂದು ಬಣ್ಣದ ಜಿಗುಟು ಮೇಣ. ಪ್ಲಾಸ್ಟಿಕ್ಕಿನ ಮೂಲೆ ಒತ್ತಿದ ಜಾಗದಲ್ಲಿ ಕಡಲೆಬೇಳೆಯಷ್ಟು ಹುಣ್ಣು. ಮೇಡಂ ಅವರ ಆರು ವರ್ಷದ ಮಗ ಪಕ್ಕದಲ್ಲಿ ನಿಂತು ನೋಡುತ್ತಿದ್ದವನು ಅಳುವುದಕ್ಕೆ ಶುರು ಮಾಡಿದ.

ಅವತ್ತು ತೆಗೆದುಕೊಂಡ ಮೊದಲ ತೀರ್ಮಾನ ಇದು. ಕಿವಿ ನಿಲ್ಲಿಸುವ ಮಾತನ್ನು ಪಕ್ಕಕ್ಕೆ ಇಡಬೇಕು. ಈಗ ಇದು ಶೋ ಮರಿಯ ಕಿವಿ ಅಲ್ಲ, ನೋಯುತ್ತಿರುವ ಕಿವಿ.

ಮರುದಿನವೇ ಪಶುವೈದ್ಯರ ಹತ್ತಿರ ಹೋದರು. ಕಿವಿಯ ಮೇಣವನ್ನು ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದಾಗ ಮಲಸೇಜಿಯಾ ಅನ್ನುವ ಯೀಸ್ಟ್ ತುಂಬಿತ್ತು. ಅದು ನಾಯಿಯ ಚರ್ಮದ ಮೇಲೆ ಯಾವಾಗಲೂ ಸ್ವಲ್ಪ ಇರುತ್ತದೆ. ಗಾಳಿ ಇಲ್ಲದೆ, ಒದ್ದೆಯಾಗಿ, ಬೆಚ್ಚಗೆ ಇದ್ದರೆ ಹೆಚ್ಚಿಬಿಡುತ್ತದೆ. ನಾವೇ ಅದಕ್ಕೆ ಮನೆ ಕಟ್ಟಿಕೊಟ್ಟಂತೆ ಆಗಿತ್ತು. ಕಿವಿ ತೊಳೆಯುವ ದ್ರಾವಣ ಮತ್ತು ಹನಿಗಳನ್ನು ಎರಡು ವಾರಕ್ಕೆ ಬರೆದುಕೊಟ್ಟರು.

ಕ್ಯಾಲ್ಸಿಯಂ ಸಿರಪ್ ಅನ್ನು ಅವತ್ತೇ ನಿಲ್ಲಿಸಿದರು. ಈ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಕಿವಿ ಬಿದ್ದರೆ ಕ್ಯಾಲ್ಸಿಯಂ ಅನ್ನುವುದು ನಮ್ಮಲ್ಲಿ ಬಾಯಿಪಾಠ ಆಗಿಬಿಟ್ಟಿದೆ. ಕಿವಿಯಲ್ಲಿ ಇರುವುದು ಮೂಳೆ ಅಲ್ಲ, ಮೃದ್ವಸ್ಥಿ. ಕ್ಯಾಲ್ಸಿಯಂ ಜಾಸ್ತಿ ಕೊಟ್ಟರೆ ಅದು ಗಟ್ಟಿಯಾಗುವುದಿಲ್ಲ. ಜೊತೆಗೆ ಚಿಕ್ಕ ಮರಿಯ ಕರುಳಿಗೆ "ಇಷ್ಟು ಸಾಕು" ಅನ್ನುವ ಹಿಡಿತ ಇನ್ನೂ ಬಂದಿರುವುದಿಲ್ಲ. ಕೊಟ್ಟದ್ದರಲ್ಲಿ ಹೆಚ್ಚಿನ ಪಾಲು ರಕ್ತಕ್ಕೆ ಸೇರುತ್ತದೆ. ದೊಡ್ಡ ತಳಿಯ ಮರಿಗಳಲ್ಲಿ ಇದರಿಂದ ಮೂಳೆ, ಕೀಲು ಬೆಳೆಯುವ ಕ್ರಮವೇ ಕೆಡಬಹುದು. ರಾಜ ತಿನ್ನುತ್ತಿದ್ದದ್ದು ದೊಡ್ಡ ತಳಿಯ ಮರಿಗಳಿಗೆಂದೇ ಮಾಡಿದ ಒಣ ಆಹಾರ. ಅದರಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಅಳೆದು ಹಾಕಿರುತ್ತಾರೆ. ಅದರ ಮೇಲೆ ಅತ್ತೆಯವರು ಪ್ರೀತಿಯಿಂದ ಹಾಕುತ್ತಿದ್ದ ರಾಗಿಗಂಜಿ. 100 ಗ್ರಾಂ ರಾಗಿಯಲ್ಲೇ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅದರ ಮೇಲೆ ಸಿರಪ್ ಬೇರೆ. ಡಾಕ್ಟರ್ ರಾಜನ ಮುಂಗಾಲಿನ ಮಣಿಕಟ್ಟು ಒತ್ತಿ ನೋಡಿ, ಇಲ್ಲಿ ಸ್ವಲ್ಪ ಕುಸಿದಂತಿದೆ, ತಿಂಗಳು ಬಿಟ್ಟು ಮತ್ತೆ ತೋರಿಸಿ ಅಂದರು. ನನಗೆ ಕಿವಿಗಿಂತ ಆ ಮಾತೇ ಹೆಚ್ಚು ಭಯ ಹುಟ್ಟಿಸಿತು.

ಹಾಗಂತ ಯಾವ ಮರಿಗೂ ಕ್ಯಾಲ್ಸಿಯಂ ಬೇಡ ಅಂತ ಅಲ್ಲ. ಬರೀ ಅನ್ನ, ಮೂಳೆ ಇಲ್ಲದ ಕೋಳಿಮಾಂಸ ತಿಂದು ಬೆಳೆಯುವ ಮರಿಗೆ ಕೊರತೆ ಆಗುತ್ತದೆ. ಅಂಥ ಮರಿಗೆ ಎಷ್ಟು ಬೇಕು ಅನ್ನುವುದನ್ನು ಊಟ ನೋಡಿ ಡಾಕ್ಟರ್ ಹೇಳಬೇಕು. ಕಿವಿ ನೋಡಿ ನಾವು ಹೇಳುವುದಲ್ಲ.

ಗೋಡೆಯ ಕಡೆಯ ಕಿವಿ

ಆ ಎರಡು ವಾರ ನಾನು ಮೂರು ಸಲ ಅವರ ಮನೆಗೆ ಹೋದೆ. ಸುಮ್ನೆ ಕೂತು ಮರಿಯನ್ನು ನೋಡುವುದೇ ಕೆಲಸ. ಬಲಗಿವಿ ನೆಟ್ಟಗಿದೆ. ಹಲ್ಲು ಬೀಳುವ ಕಾಲ ಎರಡಕ್ಕೂ ಒಂದೇ. ಊಟ ಒಂದೇ. ಹಾಗಿದ್ದ ಮೇಲೆ ಎಡಗಿವಿ ಮಾತ್ರ ಯಾಕೆ ಬಿತ್ತು?

ಎರಡನೇ ಸಲ ಹೋದಾಗ ಮಧ್ಯಾಹ್ನ. ರಾಜ ಊಟ ಮಾಡಿ ಹಾಲ್‌ನಲ್ಲಿದ್ದ ದಿವಾನ್ ಕೆಳಗೆ ನುಗ್ಗಿದ. ಅದರ ಎತ್ತರ ಒಂದಡಿಯೂ ಇಲ್ಲ. ತಲೆ ತಗ್ಗಿಸಿ ನುಗ್ಗುವಾಗ ಎಡಗಿವಿ ದಿವಾನ್ ಪಟ್ಟಿಗೆ ತಗುಲಿ ಮಡಚಿಕೊಂಡಿತು. ಒಳಗೆ ಹೋಗಿ ಎಡಗೆನ್ನೆಯನ್ನು ಗೋಡೆಗೆ ಒತ್ತಿಕೊಂಡು ಮಲಗಿದ. ಗೋಡೆ ತಣ್ಣಗಿತ್ತಲ್ಲ, ಅದಕ್ಕೆ. ಎರಡು ಗಂಟೆ ಅಲುಗಲಿಲ್ಲ. ಕಿವಿ ಅಷ್ಟು ಹೊತ್ತೂ ತಲೆಗೂ ಗೋಡೆಗೂ ಮಧ್ಯೆ ಇಸ್ತ್ರಿ ಮಾಡಿದ ಹಾಗೆ ಮಡಚಿಕೊಂಡೇ ಇತ್ತು. ಕೇಳಿದರೆ, ಜೂನ್ ಕೊನೆಯಿಂದ ಹಗಲೂ ರಾತ್ರಿ ಅಲ್ಲೇ ಮಲಗುತ್ತಾನಂತೆ.

ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಮೇಡಂ ಅವರ ಮಗ ಸೋಫಾ ಮೇಲೆ ಟಿವಿ ನೋಡುತ್ತಾ ಕೂತರೆ ರಾಜ ಬಂದು ಕಾಲ ಹತ್ತಿರ ಕೂರುತ್ತಿದ್ದ. ಹುಡುಗನ ಕೈ ತನ್ನಷ್ಟಕ್ಕೆ ತಾನೇ ಮರಿಯ ಕಿವಿಗೆ ಹೋಗುತ್ತಿತ್ತು. ಬೆರಳಲ್ಲಿ ಮಡಚುವುದು, ಬಿಡುವುದು, ಮಡಚುವುದು, ಬಿಡುವುದು. ಹುಡುಗ ಕೂರುತ್ತಿದ್ದ ಜಾಗಕ್ಕೆ ಸಿಗುತ್ತಿದ್ದದ್ದು ಎಡಗಿವಿ. ಅವನನ್ನು ಬೈಯಲಿಲ್ಲ. "ಪುಟ್ಟಾ, ಇವನ ಕಿವಿ ಗಿಡದ ಸುಳಿ ಇದ್ದ ಹಾಗೆ. ಕುತ್ತಿಗೆ ಕೆಳಗೆ ಕೆರಿ, ಅವನಿಗೆ ಅದು ಇನ್ನೂ ಇಷ್ಟ" ಅಂದೆ. ಅವತ್ತಿಂದ ಆ ಹುಡುಗನೇ ಕಾವಲು. ಮನೆಗೆ ಬಂದ ನೆಂಟರು ತಲೆ ಸವರಲು ಕೈ ಚಾಚಿದರೆ ಮಧ್ಯೆ ನುಗ್ಗಿ ತಡೆಯುತ್ತಿದ್ದ.

ದಿವಾನ್ ಕೆಳಗೆ ಎರಡು ಟ್ರಂಕ್ ಇಟ್ಟು ಮುಚ್ಚಿದರು. ಗೋಡೆಯಿಂದ ದೂರಕ್ಕೆ, ಫ್ಯಾನ್ ಕೆಳಗೆ, ಒದ್ದೆ ಮಾಡಿ ಹಿಂಡಿದ ಗೋಣಿಚೀಲ ಹಾಸಿ ಅವನಿಗೆ ತಂಪಾದ ಜಾಗ ಮಾಡಿಕೊಟ್ಟರು. ಮೂರು ದಿನ ಟ್ರಂಕ್ ಕೆರೆದ. ಆಮೇಲೆ ಅಲ್ಲೇ ಒಗ್ಗಿಕೊಂಡ.

ಎರಡನೇ ತೀರ್ಮಾನ ಎಲ್ಲಕ್ಕಿಂತ ಕಷ್ಟದ್ದಾಗಿತ್ತು. ಕಾಯುವುದು. ಕಿವಿ ವಾಸಿಯಾದ ಕೂಡಲೇ ಮತ್ತೆ ಪಟ್ಟಿ ಕಟ್ಟಿದರೆ ಸೆಪ್ಟೆಂಬರ್ ಶೋಗೆ ಸರಿಹೋಗಬಹುದು ಅಂತ ಮೇಡಂ ಅವರ ಆಸೆ. ಪ್ರವೇಶದ ಹಣ ಕಟ್ಟಿಯಾಗಿತ್ತು. ಬ್ರೀಡರ್ ಕೂಡ ಫೋನಿನಲ್ಲಿ, ಈಗಲೇ ಕಟ್ಟಿ, ತಡ ಮಾಡಿದರೆ ಕಿವಿ ಹೋಯಿತು ಅಂತ ಹೆದರಿಸಿದ್ದರು. ಅವರ ಮಾತಿನಲ್ಲಿ ಹುರುಳಿಲ್ಲ ಅಂತ ಹೇಳಲಾರೆ. ಏಳೆಂಟು ತಿಂಗಳು ದಾಟಿದ ಮೇಲೆ ಬಿದ್ದೇ ಇರುವ ಕಿವಿ ನಿಲ್ಲುವುದು ಅಪರೂಪ. ಆದರೆ ಚರ್ಮ ಇನ್ನೂ ಹಸಿ. ಕೋರೆಹಲ್ಲು ಅರ್ಧ ಬಂದಿವೆ. ಒಂದು ಸಲ ನಿಂತು ಬಿದ್ದ ಕಿವಿ ಅದು, ಯಾವತ್ತೂ ನಿಲ್ಲದ ಕಿವಿ ಅಲ್ಲ. ಈ ಮೂರನ್ನೂ ಹೇಳಿ, ಶೋ ಬಿಡೋಣ ಅಂದೆ. ಮೇಡಂ ಒಂದು ರಾತ್ರಿ ಟೈಮ್ ತೆಗೆದುಕೊಂಡರು. ಬೆಳಗ್ಗೆ "ಬಿಡೋಣ ಸರ್, ದುಡ್ಡು ಹೋದ್ರೆ ಹೋಗ್ಲಿ" ಅಂತ ಸಂದೇಶ ಬಂತು.

ಆಸರೆ ಕೊಟ್ಟ ರೀತಿ

ಸೆಪ್ಟೆಂಬರ್ ಮೊದಲ ವಾರಕ್ಕೆ ಆರು ತಿಂಗಳು ತುಂಬಿತು. ನಾಲ್ಕೂ ಕೋರೆಹಲ್ಲು ಪೂರ್ತಿ ಬಂದಿದ್ದವು. ಕಿವಿ ಒಣಗಿ ಶುಚಿಯಾಗಿದೆ ಅಂತ ಡಾಕ್ಟರ್ ಹೇಳಿದ್ದರು. ಮಣಿಕಟ್ಟು ಕೂಡ ನೆಟ್ಟಗಾಗುತ್ತಿತ್ತು. ಎಡಗಿವಿಯ ಬುಡ ಈಗ ಎದ್ದು ನಿಲ್ಲುತ್ತಿತ್ತು, ಆದರೆ ಮೇಲಿನ ಮೂರನೇ ಒಂದು ಭಾಗ ಹೊರಕ್ಕೆ ಮಡಚಿ ಬೀಳುತ್ತಿತ್ತು. ಇದು ಒಳ್ಳೆಯ ಗುರುತು. ಬುಡವೇ ಸತ್ತಂತೆ ಬಿದ್ದಿದ್ದರೆ ಆಸರೆಯಿಂದ ಹೆಚ್ಚು ಪ್ರಯೋಜನ ಆಗುತ್ತಿರಲಿಲ್ಲ.

ಬಳಸಿದ್ದು ಏನೂ ದೊಡ್ಡ ಸಾಮಾನಲ್ಲ. ಫ್ಯಾನ್ಸಿ ಸ್ಟೋರ್‌ನಲ್ಲಿ ಕೂದಲು ಸುರುಳಿ ಮಾಡಲು ಮಾರುವ ಸ್ಪಂಜ್ ರೋಲರ್. ಒಳಗಿನ ಪ್ಲಾಸ್ಟಿಕ್ ಕಡ್ಡಿ ಕಿತ್ತು ಬರೀ ಸ್ಪಂಜ್ ಇಟ್ಟುಕೊಂಡೆವು. ಮೆಡಿಕಲ್ ಶಾಪಿನ ಒಂದಿಂಚಿನ ಮೈಕ್ರೋಪೋರ್ ಟೇಪ್, ಅಂದರೆ ಕಾಗದದ ಥರದ, ಗಾಳಿಯಾಡುವ ಟೇಪ್. ಸ್ಪಂಜಿನ ಸುತ್ತ ಟೇಪನ್ನು ಅಂಟು ಹೊರಮುಖವಾಗಿ ಬರುವಂತೆ ಸುತ್ತಿದೆವು. ಅದನ್ನು ಕಿವಿಯ ಒಳಗೆ ನಿಲ್ಲಿಸಿದೆವು. ಕೆಳಗಿನ ತುದಿ ಕಿವಿಯ ತೂತಿಗಿಂತ ಎರಡು ಬೆರಳು ಮೇಲೆ. ತೂತಿಗೆ ಗಾಳಿ ಹೋಗಲೇಬೇಕು. ಆಮೇಲೆ ಕಿವಿಯ ಎರಡೂ ಅಂಚನ್ನು ಸ್ಪಂಜಿನ ಸುತ್ತ ಮೆಲ್ಲಗೆ ತಂದು, ಎಲೆಅಡಿಕೆ ಅಂಗಡಿಯವರು ವೀಳ್ಯದೆಲೆ ಸುರುಳಿ ಸುತ್ತುತ್ತಾರಲ್ಲ ಹಾಗೆ, ಹೊರಗಿಂದ ಒಂದೂವರೆ ಸುತ್ತು ಟೇಪ್. ಸುತ್ತಿದ ಮೇಲೆ ಟೇಪಿನ ಅಡಿಗೆ ಕಿರುಬೆರಳ ತುದಿ ಹೋಗಬೇಕು. ಹೋಗದಿದ್ದರೆ ಬಿಗಿ ಆಯಿತು ಅಂತ ಅರ್ಥ. ಬಲಗಿವಿಯನ್ನು ಮುಟ್ಟಲೇ ಇಲ್ಲ.

ಟೇಪ್ ಸುತ್ತುವಾಗ ಅತ್ತೆಯವರು ರಾಜನ ಗದ್ದ ಹಿಡಿದುಕೊಂಡು ಕೂತಿದ್ದರು. "ಆಯ್ತು ಕಂದಾ, ಆಯ್ತು, ಬಂಗಾರ" ಅನ್ನುತ್ತಾ ಬೆರಳಿಗೆ ಹಚ್ಚಿದ ಮೊಸರು ನೆಕ್ಕಿಸುತ್ತಿದ್ದರು. ಹಿಂದಿನ ನೋವು ನೆನಪಿದ್ದ ಮರಿ ಅದು. ಕೈ ಕಿವಿಯ ಹತ್ತಿರ ಹೋದರೆ ಮೊದಮೊದಲು ತಲೆ ಕೆಳಗೆ ಹಾಕುತ್ತಿದ್ದ. ಅದಕ್ಕೇ ಟೇಪ್ ಕಟ್ಟುವ ಮೊದಲು ಒಂದು ವಾರ ಬರೀ ಕಿವಿ ಮುಟ್ಟು, ಮೊಸರು ಕೊಡು, ಇಷ್ಟೇ ಮಾಡಿಸಿದ್ದೆ. ನಾಳೆ ಶೋ ರಿಂಗ್‌ನಲ್ಲಿ ಜಡ್ಜ್ ತಲೆಗೆ ಕೈ ಹಾಕಿದಾಗ ಕುಗ್ಗಿ ಹೋಗುವ ಮರಿ ಆಗಿಬಿಟ್ಟರೆ ನೆಟ್ಟಗಿನ ಕಿವಿ ಇಟ್ಟುಕೊಂಡು ಏನು ಮಾಡುವುದು?

ಪ್ರತಿದಿನ ಬೆಳಗ್ಗೆ ಸಂಜೆ ಮೇಡಂ ಕಿವಿ ಮೂಸಿ ನೋಡಬೇಕಿತ್ತು. ಹೌದು, ಮೂಸಿಯೇ ನೋಡಬೇಕು. ಹುಳಿ ವಾಸನೆ ಬಂದರೆ, ಬಿಸಿ ಅನ್ನಿಸಿದರೆ, ಮರಿ ತಲೆ ಕೊಡವಿದರೆ ಅದೇ ಕ್ಷಣ ಬಿಚ್ಚುವುದು. ಮಳೆ ಬಂದರೆ ಹೊರಗೆ ಕೊಡೆ ಹಿಡಿದೇ ಕರೆದುಕೊಂಡು ಹೋಗುವುದು.

ಮೊದಲ ಸುತ್ತು ಆರು ದಿನ. ಬಿಚ್ಚಿದ ದಿನ ಕಿವಿ ನೆಟ್ಟಗೆ ನಿಂತಿತ್ತು. ಮೂರನೇ ದಿನ ಬಿತ್ತು. ಎರಡು ದಿನ ಚರ್ಮಕ್ಕೆ ವಿರಾಮ ಕೊಟ್ಟು ಎರಡನೇ ಸುತ್ತು, ಏಳು ದಿನ. ಈ ಸಲ ಐದು ದಿನ ನಿಂತು, ಆಮೇಲೆ ಒಳಕ್ಕೆ ವಾಲಿತು, ನೆತ್ತಿಯ ಕಡೆಗೆ. ಹೊರಕ್ಕೆ ಬೀಳುತ್ತಿದ್ದದ್ದು ಒಳಕ್ಕೆ ವಾಲಿದರೆ ಬಲ ಬರುತ್ತಿದೆ ಅಂತಲೇ ನಾನು ತಿಳಿದೆ. ಸೆಪ್ಟೆಂಬರ್ ಕೊನೆಗೆ ಶುರುವಾದ ಮೂರನೇ ಸುತ್ತಿನಲ್ಲಿ ಸ್ಪಂಜನ್ನು ಅರ್ಧ ಮಾಡಿದೆವು. ಭಾರ ಕಡಿಮೆ ಆಗಲಿ, ಕಿವಿಯೇ ಸ್ವಲ್ಪ ಕೆಲಸ ಮಾಡಲಿ ಅಂತ.

ಅದನ್ನು ಬಿಚ್ಚಿದಾಗ ಒಳಗಿನ ಅಂಚಿನಲ್ಲಿ ಚರ್ಮ ತೆಳು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಕಿವಿ ನಿಂತಿತ್ತು, ಆದರೆ ತುದಿ ಇನ್ನೂ ಮೆತ್ತಗೆ. ಇನ್ನೊಂದು ಸುತ್ತು ಕಟ್ಟೋಣ ಅಂತ ಈ ಸಲ ಮೇಡಂ ಅಲ್ಲ, ನಾನೇ ಅಂದುಕೊಂಡೆ. ಇಷ್ಟು ದೂರ ಬಂದಿದ್ದೇವೆ, ಇನ್ನೊಂದೇ ವಾರ ಅಂತ ಮನಸ್ಸು ಎಳೆಯಿತು. ಟೇಪ್ ಕೈಯಲ್ಲಿ ಹಿಡಿದಿದ್ದೆ. ಮೇಡಂ ಆ ಗುಲಾಬಿ ಜಾಗ ತೋರಿಸಿ, "ಸರ್, ಇದು ಹೋದ ಸಲ ಶುರುವಾಗಿದ್ದು ಹೀಗೇ ಅಲ್ವಾ?" ಅಂದರು. ಟೇಪ್ ಕೆಳಗಿಟ್ಟೆ. ಈ ಪ್ರಕರಣದ ಮೂರನೇ ತೀರ್ಮಾನ ಅವರದ್ದು, ನನ್ನದಲ್ಲ.

ಆಯುಧಪೂಜೆ ಬೆಳಗ್ಗೆ

ಮುಂದೆ ಏನೂ ಮಾಡಲಿಲ್ಲ. ಅಗಿಯುವುದಕ್ಕೆ ಗಟ್ಟಿ ರಬ್ಬರ್ ಆಟಿಕೆ ಕೊಟ್ಟರು. ಅಗಿದರೆ ಕಿವಿ ಬುಡದ ಸ್ನಾಯುಗಳೂ ಕೆಲಸ ಮಾಡುತ್ತವೆ ಅಂತ ಹಳಬರು ಹೇಳುತ್ತಾರೆ. ಅದರಿಂದ ಕೆಡುವುದಂತೂ ಏನಿಲ್ಲ. ಒಂದು ದಿನ ತುದಿ ಬೀಳುತ್ತಿತ್ತು, ಇನ್ನೊಂದು ದಿನ ಇಲ್ಲ.

ಅಕ್ಟೋಬರ್‌ನಲ್ಲಿ ಆಯುಧಪೂಜೆ ದಿನ ಮೇಡಂ ಒಂದು ವಿಡಿಯೋ ಕಳಿಸಿದರು. ಗೇಟಿನ ಮುಂದೆ ಕಾರಿಗೆ ಪೂಜೆ. ಚಕ್ರಕ್ಕೆ ನಿಂಬೆಹಣ್ಣು ಇಟ್ಟಿದ್ದಾರೆ. ರಾಜ ಬೆಲ್ಟ್ ಎಳೆದುಕೊಂಡು ಪಕ್ಕದಲ್ಲಿ ನಿಂತಿದ್ದಾನೆ. ಅವರ ಯಜಮಾನರು ಬೂದುಗುಂಬಳ ಎತ್ತಿ ನೆಲಕ್ಕೆ ಒಡೆದರು. ಆ ಸದ್ದಿಗೆ ಮರಿ ತಟ್ಟನೆ ತಿರುಗಿತು. ಎರಡೂ ಕಿವಿ ಮುಂದಕ್ಕೆ, ಅಕ್ಕಪಕ್ಕ, ಕತ್ತರಿಸಿ ಇಟ್ಟ ಹಾಗೆ. ತಿರುಗಿದ ರಭಸಕ್ಕೂ ಎಡಗಿವಿಯ ತುದಿ ಮಡಚಲಿಲ್ಲ. ಅವತ್ತಿಗೆ ಅವನಿಗೆ ಏಳೂವರೆ ತಿಂಗಳು ದಾಟಿತ್ತು. ಆಮೇಲೆ ಆ ಕಿವಿ ಬೀಳಲಿಲ್ಲ.

ಡಿಸೆಂಬರ್‌ನಲ್ಲಿ ಒಂಬತ್ತು ತಿಂಗಳ ಮರಿಯಾಗಿ ಶೋಗೆ ಇಳಿದ. ಮೂರನೇ ಸ್ಥಾನ ಬಂತು. ಓಡುವಾಗ ಎಡಗಿವಿಯ ತುದಿ ಸ್ವಲ್ಪ ಅದುರುತ್ತದೆ ಅಂತ ಜಡ್ಜ್ ಹೇಳಿದರು. ನಿಜ, ಅದುರುತ್ತದೆ. ಜಡ್ಜ್ ಕಿವಿಯನ್ನು ಬುಡದಿಂದ ತುದಿವರೆಗೆ ಹಿಡಿದು ನೋಡಿದಾಗ ರಾಜ ಅಲುಗದೆ ನಿಂತಿದ್ದ. ನನಗೆ ಮೂರನೇ ಸ್ಥಾನಕ್ಕಿಂತ ಅದು ದೊಡ್ಡ ಸಂತೋಷ.

ಈಗ ಹಿಂತಿರುಗಿ ನೋಡಿದರೆ ಒಂದು ಪ್ರಶ್ನೆಗೆ ನನ್ನಲ್ಲಿ ಪಕ್ಕಾ ಉತ್ತರ ಇಲ್ಲ. ಕಿವಿಯನ್ನು ನಿಲ್ಲಿಸಿದ್ದು ಸ್ಪಂಜೋ, ಗೋಡೆ ತಪ್ಪಿಸಿದ್ದೋ, ಅಥವಾ ಬರೀ ವಯಸ್ಸೋ? ಮೂರನ್ನೂ ಒಟ್ಟಿಗೆ ಮಾಡಿದ್ದರಿಂದ ಬೇರೆ ಮಾಡಿ ಹೇಳಲು ಆಗುವುದಿಲ್ಲ. ಕೊನೆಯ ಟೇಪ್ ಬಿಚ್ಚಿದ ಎರಡು ವಾರದ ಮೇಲೆ ತುದಿ ಗಟ್ಟಿಯಾಯಿತು ಅನ್ನುವುದನ್ನು ನೋಡಿದರೆ ವಯಸ್ಸಿನ ಪಾಲು ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಇರಬಹುದು. ಆದರೆ ಆ ದಿವಾನ್ ಕೆಳಗೇ ಮಲಗುತ್ತಿದ್ದರೆ ನಿಲ್ಲುತ್ತಿರಲಿಲ್ಲ ಅಂತ ನನ್ನ ಮನಸ್ಸು ಹೇಳುತ್ತದೆ. ಮೊದಲ ದಿನದಿಂದಲೇ ವಾರಕ್ಕೊಂದು ಫೋಟೋ, ಒಂದೇ ಜಾಗದಲ್ಲಿ, ಒಂದೇ ಎತ್ತರದಿಂದ ತೆಗೆದಿದ್ದರೆ ಇನ್ನೂ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ನಾನು ಅದನ್ನು ಹೇಳಿದ್ದು ಸೆಪ್ಟೆಂಬರ್‌ನಲ್ಲಿ. ತಡ ಮಾಡಿದೆ. ಈಗ ಯಾರೇ ಫೋನ್ ಮಾಡಿದರೂ ಮೊದಲು ಮರಿ ಎಲ್ಲಿ ಮಲಗುತ್ತದೆ ಅಂತ ಕೇಳುತ್ತೇನೆ, ಆಮೇಲೆ ಫೋಟೋ.

ಇನ್ನು ಒಂದು ವಿಷಯ ಬಾಕಿ. ಶೋ ಆದ ಮೇಲೆ ರಾಜನನ್ನು ಮುಂದೆ ಹೆಣ್ಣುನಾಯಿಗೆ ಬಿಡುತ್ತೀರಾ ಅಂತ ಇಬ್ಬರು ಕೇಳಿದರು. ಟೇಪ್ ಕಟ್ಟಿ ನಿಲ್ಲಿಸಿದ ಕಿವಿ ಹೊರಗೆ ಚೆನ್ನಾಗಿ ಕಾಣುತ್ತದೆ. ಆದರೆ ಮರಿಗಳಿಗೆ ಹೋಗುವುದು ಟೇಪ್ ಅಲ್ಲ, ಒಳಗಿನ ಮೆತ್ತನೆ ಗುಣ. ಮೇಡಂ ಇಬ್ಬರಿಗೂ ನಡೆದದ್ದನ್ನು ಮುಚ್ಚಿಡದೆ ಹೇಳಿದರು. ಒಬ್ಬರು ಥ್ಯಾಂಕ್ಸ್ ಹೇಳಿ ಬೇರೆ ಕಡೆ ಹೋದರು. ಇನ್ನೊಬ್ಬರು ಎರಡು ವರ್ಷ ಆಗಲಿ, ಸೊಂಟದ ಕೀಲು ಸರಿ ಇದೆಯಾ ಅಂತ ನೋಡುವ ಎಕ್ಸ್‌ರೇ ಬರಲಿ, ಆಮೇಲೆ ಮಾತಾಡೋಣ ಅಂದರು.

ಬ್ರೀಡರ್‌ಗೂ ಹೇಳಬೇಕು ಅಂತ ನಾವಿಬ್ಬರೂ ಕೂತು ಫೋನ್ ಮಾಡಿದೆವು. ಅವರು ಮೊದಲು ಸಿಟ್ಟಾದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅದೇ ಸೂಲಿನ ಇನ್ನೊಂದು ಹೆಣ್ಣುಮರಿಗೂ ಎಡಗಿವಿ ತಡವಾಗಿ ನಿಂತಿತು ಅಂತ ಅವರೇ ಹೇಳಿದರು. ಆ ಜೋಡಿಯನ್ನು ಮತ್ತೆ ಕೂಡಿಸುವುದಿಲ್ಲ ಅಂದರು. ಫೋನ್ ಇಡುವ ಮುಂಚೆ ಕೇಳಿದರು: "ಆ ಸ್ಪಂಜ್ ಎಲ್ಲಿ ಸಿಗುತ್ತೆ ಅಂದ್ರಿ?"